ಎರಡನೆಯ ದನಿ ಯಾರದು

ಲೋಹಾ,
ಆಗಸ್ಟ್ 9, 1991

ವಿನಿಸಿಯೊಗೆ, ಲಾಸ್ತೇನಿಯಾಳಿಂದ.

ಕ್ಷೇಮವೇ ಎಂದು ಕೇಳುತ್ತಿಲ್ಲ. ನಿನ್ನ ಕೆಮ್ಮು ಬಿಟ್ಟಿದೆ, ಹೊಸ ಕನ್ನಡಕ ಬಂದಿದೆ, ಮಧ್ಯಾಹ್ನದ ಊಟ ಸರಿಯಾಗಿ ಮಾಡುವುದಿಲ್ಲ ಎಂಬುದನ್ನೆಲ್ಲ ನಿನ್ನ ಅಕ್ಕ ಎಲ್ವಿಯಾ ನಾನು ಕೇಳದೆಯೇ ಬಂದು ಹೇಳಿ ಹೋಗುತ್ತಾಳೆ. ನಾನು ಕೀಟೊದ ಮನೆ ಬಿಟ್ಟು ಬಂದು ನಾಲ್ಕು ವರ್ಷವಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮನಸ್ಸು ಕರಗಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಒಂದು ವಿಷಯ ಕೇಳಬೇಕಾಗಿದೆ. ಅದನ್ನು ನಿನ್ನನ್ನಲ್ಲದೆ ಬೇರೆ ಯಾರನ್ನೂ ಕೇಳುವಂತಿಲ್ಲ.

ನಿಮ್ಮ ಸಾನ್ ಹಸಿಂತೊ ಕನ್ಸರ್ವೇಟರಿಯಲ್ಲಿ ಸಂಗೀತ ಸಂಯೋಜನೆಯ ಸ್ನಾತಕೋತ್ತರ ತರಗತಿಗೆ ನನಗೆ ಸೀಟು ಸಿಕ್ಕಿದೆ. ಸಿಕ್ಕವರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು. ಇದು ನಿನಗೆ ಗೊತ್ತಿರುವ ಸುದ್ದಿಯೇ ಎಂಬುದು ನನ್ನ ಅನುಮಾನ, ಅದಕ್ಕಾಗಿಯೇ ಈ ಕಾಗದ.

ಸುದ್ದಿ ಬಂದದ್ದು ಸೋಮವಾರ. ಆ ಒಂದು ದಿನ ನಾನು ಎಷ್ಟು ಸಂತೋಷವಾಗಿದ್ದೆ ಎಂದರೆ, ಶಾಲೆಯ ಹುಡುಗಿಯರು ಅಪಸ್ವರದಲ್ಲಿ ಹಾಡಿದರೂ ತಿದ್ದದೆ ಸುಮ್ಮನೆ ಕೇಳಿಸಿಕೊಂಡು ಕೂತಿದ್ದೆ. ಮಂಗಳವಾರ ಎಲ್ವಿಯಾ ಎಲೆಯಲ್ಲಿ ಸುತ್ತಿದ ಬಿಸಿ ತಮಾಲ್‌ಗಳ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲೇ ಕೂಗಿದಳು.

“ನಾ ಹೇಳ್ಲಿಲ್ವೇನೇ, ನನ್ ತಮ್ಮ ಕೈ ಬಿಡೋನಲ್ಲ ಅಂತ! ಎಷ್ಟೇ ಸಿಟ್ಟಿದ್ರೂ ಒಂದು ಮಾತು ಹಾಕೇ ಹಾಕ್ತಾನೆ. ಎಷ್ಟಂದ್ರೂ ಹೆಂಡ್ತಿ ಅಲ್ವಾ ನೀನು?”

“ಯಾವ ಮಾತು? ಯಾರ ಹತ್ರ ಹಾಕ್ದ?” ಎಂದೆ.

“ಅಯ್ಯೋ, ಅದನ್ನೆಲ್ಲ ಬಾಯ್ಬಿಟ್ಟು ಹೇಳ್ತಾರೇನೇ? ತಿನ್ನು, ಆರೋಗತ್ತೆ.”

ತಿನ್ನಲಾಗಲಿಲ್ಲ. ಅವಳು ಹೋದ ಮೇಲೆ ಔಷಧದಂಗಡಿಯವನೂ ಅದೇ ಧಾಟಿಯಲ್ಲಿ ನಕ್ಕ. ಇಗರ್ಜಿಯ ಪಾದ್ರಿಗಳಂತೂ ನನ್ನ ಕೈ ಹಿಡಿದುಕೊಂಡು, “ಇನ್ನು ಇಬ್ರೂ ಒಂದಾಗ್ತೀರಿ ಅಂತಾಯ್ತು” ಎಂದುಬಿಟ್ಟರು. ನನಗೆ ಸೀಟು ಸಿಕ್ಕಿತು ಎಂದು ಈ ಬೀದಿಯಲ್ಲಿ ಒಬ್ಬರೂ ಹೇಳುತ್ತಿಲ್ಲ ವಿನಿಸಿಯೊ. ನೀನು ಕೊಡಿಸಿದೆ ಎಂದೇ ಹೇಳುತ್ತಿದ್ದಾರೆ. ಅವತ್ತಿನಿಂದ ಕೂತು ನಡೆದದ್ದನ್ನೆಲ್ಲ ಹಿಂದಿನಿಂದ ಮುಂದಕ್ಕೆ ನೋಡುತ್ತಿದ್ದೇನೆ. ನೋಡಿದಷ್ಟೂ ಎಲ್ವಿಯಾಳ ಮಾತೇ ನಿಜವಿರಬಹುದು ಅನ್ನಿಸುತ್ತಿದೆ.

ಅರ್ಜಿ ಹಾಕುವಾಗ ನಿನ್ನ ನೆರಳೂ ಬೀಳದಂತೆ ಎಚ್ಚರ ವಹಿಸಿದ್ದೆ. ಕೃತಿಗಳ ಮೇಲೆ ನಿಜವಾದ ಹೆಸರು ಇರಕೂಡದು, ಗುಪ್ತನಾಮವೊಂದೇ ಇರಬೇಕು ಎಂಬ ನಿಯಮ ಓದಿ ನೆಮ್ಮದಿಯಾಗಿತ್ತು. ನಮ್ಮ ನಾಡಿನ ವಿಷಾದದ ಧಾಟಿಯಲ್ಲಿ ನಾಲ್ಕು ತಂತಿವಾದ್ಯಗಳಿಗೆ ಬರೆದ ಪಸಿಯೊ, ಹುಡುಗಿಯರ ಮೇಳಕ್ಕೆ ಬರೆದ ಹಾಡು, ಆರ್ಗನ್‌ಗೆ ಬರೆದ ಒಂದು ತುಣುಕು, ಈ ಮೂರನ್ನು ಕಳಿಸಿದೆ. ನನ್ನ ಕೈಬರಹ ನಿನ್ನ ಕಣ್ಣಿಗೆ ಬಿದ್ದೀತೆಂದು ಊರ ಬ್ಯಾಂಡಿನ ನಕಲುಗಾರನ ಕೈಯಲ್ಲಿ ಎಲ್ಲವನ್ನೂ ಹೊಸದಾಗಿ ಬರೆಸಿದೆ. ಸಂದರ್ಶನಕ್ಕೆ ಕರೆ ಬಂದಾಗ ಶಾಲೆಯ ಸಿಸ್ಟರ್‌ಗಳಿಗೆ ಹಲ್ಲು ಕೀಳಿಸಬೇಕು ಎಂದು ಸುಳ್ಳು ಹೇಳಿ, ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡೇ ಬಸ್ಸು ಹತ್ತಿದೆ. ಇಷ್ಟೆಲ್ಲ ಮಾಡಿದರೂ, ಗುಪ್ತನಾಮದ ಜೊತೆ ಕೊಟ್ಟಿದ್ದ ಔಷಧದಂಗಡಿಯ ಫೋನಿಗೆ ಕರೆ ಬಂದದ್ದರಿಂದ, ನಾನು ಬಸ್‌ಸ್ಟ್ಯಾಂಡ್ ಮುಟ್ಟುವ ಮುಂಚೆ ಎಲ್ವಿಯಾಗೆ ಗೊತ್ತಾಗಿತ್ತು. ಎಲ್ವಿಯಾಗೆ ಗೊತ್ತಾದರೆ ನಿನಗೆ ಗೊತ್ತಾಗದೆ ಇರುತ್ತದೆಯೇ?

ಸಂದರ್ಶನದ ಕೋಣೆಯಲ್ಲಿ ಮೇಜಿನ ಆಚೆ ನಾಲ್ಕು ಕುರ್ಚಿಗಳಿದ್ದವು. ಕೂತಿದ್ದವರು ಮೂವರು. ನಾಲ್ಕನೆಯ ಕುರ್ಚಿ ಖಾಲಿಯಿತ್ತು, ಅದರ ಮುಂದೆ ಅರ್ಧ ಕುಡಿದ ನೀರಿನ ಲೋಟವಿತ್ತು. ಅದು ಯಾರ ಜಾಗ ಎಂದು ಯಾರೂ ಹೇಳಲಿಲ್ಲ, ಆದರೆ ನನ್ನ ಕಣ್ಣು ಆ ಲೋಟದ ಮೇಲೆಯೇ ಇತ್ತು. ಮುಖ್ಯಸ್ಥೆ ಡಾಕ್ಟರ್ ಲಾರ್ರೆಯಾ ನನ್ನ ಪಸಿಯೊದ ಹಾಳೆಗಳನ್ನು ಮಗುಚುತ್ತ ಬಹಳ ಮೃದುವಾಗಿ ಕೇಳಿದರು.

“ವಿನಿಸಿಯೊ ಬುರ್ನೆಯೊ ಅವರ ಕೃತಿಗಳನ್ನ ಎಷ್ಟು ವರ್ಷ ಅಭ್ಯಾಸ ಮಾಡಿದೀರಿ?”

“ಅಭ್ಯಾಸ ಮಾಡಿಲ್ಲ ಮೇಡಂ. ಅವರಿಗೆ ಒಂಬತ್ತು ವರ್ಷ ಊಟ ಹಾಕಿದೀನಿ,” ಎಂದೆ.

ತಲೆಗೂದಲು ಉದುರಿದ ಮುದುಕರೊಬ್ಬರು ಕೆಮ್ಮಿದಂತೆ ನಕ್ಕರು. ಡಾಕ್ಟರ್ ಲಾರ್ರೆಯಾ ನಗಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನಿನ್ನ ಹೆಂಡತಿ ಎಂದು ಅವರಿಗೆ ಮೊದಲೇ ತಿಳಿದಿತ್ತು ಎಂಬುದು ಆ ನೋಟದಲ್ಲೇ ಗೊತ್ತಾಯಿತು. ತಿಳಿಸಿದವರು ಯಾರು? ಗುಪ್ತನಾಮದ ಲಕೋಟೆಗಳನ್ನು ಒಡೆಯುವುದು ಆಯ್ಕೆ ಮುಗಿದ ಮೇಲೆ ಎಂದು ನಿಯಮದಲ್ಲೇ ಇದೆ.

ಆಮೇಲೆ ಅವರು ಹೇಳಿದ್ದು ಇನ್ನೂ ವಿಚಿತ್ರ. ನಾಳೆ ನೀವೊಂದು ಪರೀಕ್ಷೆ ಬರೆಯಬೇಕು, ಬೀಗ ಹಾಕಿದ ಕೋಣೆಯಲ್ಲಿ, ನಾವು ಕೊಟ್ಟ ಟ್ಯೂನಿನ ಮೇಲೆ ಒಂದು ಕೃತಿ ಕಟ್ಟಬೇಕು ಎಂದರು. ಹೊರಗೆ ಬಂದು ಉಳಿದ ಅಭ್ಯರ್ಥಿಗಳನ್ನು ವಿಚಾರಿಸಿದೆ. ಅವರಲ್ಲಿ ಒಬ್ಬರಿಗೂ ಇಂಥ ಪರೀಕ್ಷೆ ಇರಲಿಲ್ಲ. ಅಂಬಾತೊದಿಂದ ಬಂದಿದ್ದ ಒಬ್ಬ ಹುಡುಗನಂತೂ “ನೀವೇನ್ ಮಾಡಿದ್ರಿ ಮೇಡಂ?” ಎಂದು ಕೇಳಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವಳನ್ನು ಕೇಳಿದ ಹಾಗಿತ್ತು ಅವನ ದನಿ.

ಆ ಕೋಣೆ ನಿನಗೆ ಗೊತ್ತಿರುತ್ತದೆ. ಮೇಲಿನ ಅಂತಸ್ತು, ಒಂದು ಪಿಯಾನೊ, ತೆರೆಯಲಾಗದಂತೆ ಮೊಳೆ ಹೊಡೆದ ಕಿಟಕಿ. ಕಚೇರಿಯ ಮಿರೇಯಾ ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು, ಮಧ್ಯಾಹ್ನ ಕಾಫಿ, ಮೆಕ್ಕೆಜೋಳದ ಕಡುಬಿನಂಥ ಉಮೀತ ತಂದಿಟ್ಟಳು. ಇಡುವಾಗ ದನಿ ತಗ್ಗಿಸಿ, “ಹೆದರ್ಕೋಬೇಡಿ, ನಿಮ್ ಪರ ಇರೋರೂ ಇದಾರೆ ಇಲ್ಲಿ” ಎಂದಳು. ಯಾರು ಎಂದು ಕೇಳುವಷ್ಟರಲ್ಲಿ ಬೀಗ ತಿರುಗಿತ್ತು. ನಾನು ಏನು ಮಾಡಿದೆ ಗೊತ್ತೇ? ಉಮೀತವನ್ನು ಬೆರಳಿನಿಂದ ಪುಡಿ ಮಾಡಿ, ಒಳಗೆ ಚೀಟಿಯೇನಾದರೂ ಇಟ್ಟಿದ್ದೀಯಾ ಎಂದು ಹುಡುಕಿದೆ. ಚೀಟಿ ಇರಲಿಲ್ಲ. ಉಪ್ಪು ಕೂಡ ಇರಲಿಲ್ಲ.

ಟ್ಯೂನು ನೋಡಿದ ತಕ್ಷಣ ನನಗೆ ಅನ್ನಿಸಿದ್ದು, ಇದು ನಿನ್ನದೇ ಆಯ್ಕೆ ಎಂದು. ನಿಧಾನವಾಗಿ ಇಳಿದು ಬಂದು, ಮನೆಯ ಹೊಸ್ತಿಲ ತನಕ ಬಂದು, ಒಳಗೆ ಕಾಲಿಡದೆ ನಿಂತುಬಿಡುವ ಟ್ಯೂನು. ನೀನು ಯಾವತ್ತೂ ಹಾಗೆಯೇ ನಿಲ್ಲಿಸುತ್ತಿದ್ದೆ. ನಿಲ್ಲಿಸಿ, ಅಡುಗೆಮನೆಯ ಕಡೆ ತಿರುಗಿ, “ಲಾಸ್ತೇ, ಇದರ ಕೆಳಗೆ ಏನು ಬರುತ್ತೆ?” ಎನ್ನುತ್ತಿದ್ದೆ. ನಾನು ಪಾತ್ರೆ ತೊಳೆಯುತ್ತಲೇ ಎರಡನೆಯ ದನಿ ಹಾಡುತ್ತಿದ್ದೆ, ನೀನು ಬರೆದುಕೊಳ್ಳುತ್ತಿದ್ದೆ. ನನಗೆ ಬಹಳ ಸುಲಭವಾಗಿ ಬರುವುದನ್ನೇ ಹುಡುಕಿ ಕೊಟ್ಟಿದ್ದೀಯ ಅನ್ನಿಸಿತು. ಮೈ ಉರಿದುಹೋಯಿತು. ಅದಕ್ಕೆ ಅದರ ಕೆಳಗೆ ಎರಡನೆಯ ದನಿ ಬರೆಯಲೇ ಇಲ್ಲ. ನಿನ್ನ ಟ್ಯೂನನ್ನೇ ಪಿಟೀಲಿಗಿಂತ ತಗ್ಗು ದನಿಯ ವಯೋಲಕ್ಕೆ ಕೊಟ್ಟು ಒಳಗೆ ಕೂರಿಸಿದೆ. ಮೇಲಿನ ಪಿಟೀಲನ್ನು ಬಹುಪಾಲು ಮೌನವಾಗಿ ಇಟ್ಟೆ. ಎಲ್ಲರೂ ಕಾಯುತ್ತಾರೆ, ಮೇಲಿನ ದನಿ ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರುವುದಿಲ್ಲ. ಕೊನೆಗೆ ಬಂದಾಗ ಒಂದೇ ಒಂದು ಸ್ವರ ಹಿಡಿದು ನಿಲ್ಲುತ್ತದೆ. ಅಷ್ಟು ಸಿಟ್ಟಿನಲ್ಲಿ ನಾನು ಯಾವತ್ತೂ ಬರೆದಿರಲಿಲ್ಲ. ಅಷ್ಟು ಚೆನ್ನಾಗಿಯೂ ಬರೆದಿರಲಿಲ್ಲ.

ಈಗ ಹಳೆಯ ವಿಷಯ. ಬರೆಯಬಾರದು ಅಂದುಕೊಂಡಿದ್ದೆ, ಬರೆಯದೆ ಮುಂದಕ್ಕೆ ಹೋಗಲಾಗುತ್ತಿಲ್ಲ. ನಿನ್ನ ‘ಮಂಜಿನ ದಾರಿ’ಯನ್ನು ಮೊದಲ ಸಲ ನುಡಿಸಿದ ದಿನ ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ನಿಧಾನದ ಭಾಗದಲ್ಲಿ ವಯೋಲ ಒಳಗಿನಿಂದ ಎದ್ದು ಬಂದಾಗ ಪಕ್ಕದ ಹೆಂಗಸು ಅಳುತ್ತಿದ್ದಳು. ಮಾರನೆಯ ದಿನ ಪತ್ರಿಕೆಗಳೆಲ್ಲ ಹೊಗಳಿದ್ದು ಅದನ್ನೇ. ಆ ವಯೋಲದ ಸಾಲು ಯಾರದು ಎಂದು ನಮ್ಮಿಬ್ಬರಿಗೇ ಗೊತ್ತಿತ್ತು. ಊಟಕ್ಕೆ ಕೂತಾಗ ಕೇಳಿದೆ. ನೀನು ಅನ್ನ ಕಲಸುತ್ತ, “ಮನೇಲಿ ಗುನುಗಿದ್ದೆಲ್ಲ ಯಾರದು ಯಾರದು ಅಂತ ಪಾಲು ಮಾಡೋಕಾಗತ್ತಾ?” ಎಂದೆ. ನೀನು ಅದನ್ನು ನಂಬಿಯೇ ಹೇಳಿದೆಯೋ, ನನ್ನ ಬಾಯಿ ಮುಚ್ಚಿಸಲು ಹೇಳಿದೆಯೋ, ಇವತ್ತಿಗೂ ಗೊತ್ತಿಲ್ಲ. ಅದು ಗೊತ್ತಾಗದೆ ಒಂದೇ ಹಾಸಿಗೆಯಲ್ಲಿ ಮಲಗಲು ಆಗಲಿಲ್ಲ. ಲೋಹಾಗೆ ಬಂದುಬಿಟ್ಟೆ.

ಹಾಗಾದರೆ ನಿಮ್ಮಲ್ಲಿಗೇ ಏಕೆ ಅರ್ಜಿ ಹಾಕಿದೆ ಎಂದು ಕೇಳುತ್ತೀಯ. ಸಂಯೋಜನೆಯಲ್ಲಿ ಮುಂದೆ ಓದಬೇಕೆಂದರೆ ನನಗೆ ಎಟುಕುವ ದೂರದಲ್ಲಿ ಇರುವುದು ಅದೊಂದೇ. ಅದು ನಿನ್ನ ತಪ್ಪಲ್ಲ, ನನ್ನದೂ ಅಲ್ಲ.

ನನ್ನ ಪ್ರಶ್ನೆ ಇಷ್ಟೇ. ನೀನು ಯಾರ ಹತ್ತಿರವಾದರೂ ನನ್ನ ಪರವಾಗಿ ಮಾತಾಡಿದೆಯಾ? ಆ ಖಾಲಿ ಕುರ್ಚಿ ನಿನ್ನದೇ? ಆ ಟ್ಯೂನು ನೀನು ಆರಿಸಿದ್ದೇ? ಹೌದು ಎಂದಾದರೆ ನನಗೆ ಆ ಸೀಟು ಬೇಡ. ಬರುವುದಿಲ್ಲ ಎಂದು ಕನ್ಸರ್ವೇಟರಿಗೆ ತಿಳಿಸಲು ಈ ತಿಂಗಳ ಕೊನೆಯ ತನಕ ಸಮಯವಿದೆ. ನಿನ್ನ ದಯೆಯಿಂದ ಕೂರುವ ಬೆಂಚಿಗಿಂತ ಇಲ್ಲಿನ ಹುಡುಗಿಯರ ಅಪಸ್ವರವೇ ವಾಸಿ. ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ, ಅದು ನಿನಗೂ ಗೊತ್ತು.

ಲಾಸ್ತೇನಿಯಾ ಕುಯೇವಾ

ಮರೆತಿದ್ದೆ: ಎಲ್ವಿಯಾ ತಂದ ತಮಾಲ್‌ಗಳನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಅವಳಿಗೆ ಹೇಳಬೇಡ.

*

ಕೀಟೊ,
ಆಗಸ್ಟ್ 17, 1991

ಲಾಸ್ತೇನಿಯಾ,

ನಿನ್ನ ಕಾಗದ ಬಂತು. ಓದಿದೆ. ಕೇಳಿದ್ದಕ್ಕೆ ಕೇಳಿದ ಕ್ರಮದಲ್ಲೇ ಉತ್ತರ ಕೊಡುತ್ತೇನೆ.

ನಿನ್ನ ಪರವಾಗಿ ಶಿಫಾರಸು ಮಾಡಿಲ್ಲ. ಆಯ್ಕೆ ಸಮಿತಿಯಲ್ಲಿ ಇದ್ದದ್ದು ನಿಜ. ಕೃತಿಗಳು ಮೊದಲು ನಮ್ಮ ಮನೆಗಳಿಗೆ ಬಂದವು, ಅಂಕ ಹಾಕಿದ್ದು ಅಲ್ಲೇ, ಎಲ್ಲರ ಮುಂದೆ ಚರ್ಚೆ ಆಮೇಲೆ. ಬ್ಯಾಂಡಿನ ನಕಲುಗಾರನ ಕೈಯಲ್ಲಿ ಬರೆಸಿದರೆ ನನಗೆ ತಿಳಿಯುವುದಿಲ್ಲ ಎಂದುಕೊಂಡೆಯಲ್ಲ, ಅಕ್ಷರ ಬೇರೆಯಾದರೆ ಯೋಚನೆ ಬೇರೆಯಾಗುತ್ತದೆಯೇ? ಪಸಿಯೊದ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನೀನೇ ಎಂದು ಗೊತ್ತಾಯಿತು. ಸಮಿತಿಯಲ್ಲಿ ಅತಿ ಕಡಿಮೆ ಅಂಕ ಕೊಟ್ಟವನು ನಾನು. ಬೇಕಾದರೆ ಯಾರನ್ನಾದರೂ ಕೇಳು.

ಏಕೆ ಎಂದೂ ಹೇಳುತ್ತೇನೆ. ಆರ್ಗನ್ ತುಣುಕು ಮುಗಿಯಬೇಕಾದಲ್ಲಿ ಮುಗಿದಿಲ್ಲ. ಎರಡು ಸಲ ವಿದಾಯ ಹೇಳಿ ಮತ್ತೆ ಬಾಗಿಲಲ್ಲಿ ನಿಂತು ಮಾತಾಡುವವರ ಹಾಗಿದೆ. ಮೇಳದ ಹಾಡಿನ ಮೂರನೆಯ ಚರಣದಲ್ಲಿ ಕೆಳದನಿಯ ಹುಡುಗಿಯರಿಗೆ ಉಸಿರು ತೆಗೆದುಕೊಳ್ಳಲು ಜಾಗವೇ ಬಿಟ್ಟಿಲ್ಲ. ಹುಡುಗಿಯರ ಜೊತೆ ದಿನವೂ ಇರುವವಳು ಈ ತಪ್ಪು ಮಾಡಬಾರದಿತ್ತು. ಪಸಿಯೊ ಚೆನ್ನಾಗಿದೆ. ಅದನ್ನು ಚೆನ್ನಾಗಿದೆ ಎಂದು ಬರೆಯಲು ನನಗೆ ಕಷ್ಟವಾಯಿತು, ಅದಕ್ಕೂ ಅಂಕ ಕಡಿಮೆ ಮಾಡಿದೆ. ಇಷ್ಟು ಸಾಕಲ್ಲವೇ ನಿನ್ನ ಅನುಮಾನಕ್ಕೆ?

ಕುರ್ಚಿ ನನ್ನದೇ. ಸಂದರ್ಶನದ ಹೊತ್ತಿಗೆ ಇಬಾರ್ರಾದಲ್ಲಿ ಬ್ಯಾಂಡ್ ಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ನೀರು ಯಾರು ಕುಡಿದಿದ್ದರೋ ನನಗೆ ಗೊತ್ತಿಲ್ಲ.

ಟ್ಯೂನು ನನ್ನದಲ್ಲ. ಡಾಕ್ಟರ್ ಲಾರ್ರೆಯಾ ತಮ್ಮ ಊರಿನ ಯಾವುದೋ ಹಳೆಯ ಭಜನೆಯಿಂದ ತೆಗೆದದ್ದು. ಹೊಸ್ತಿಲಲ್ಲಿ ನಿಲ್ಲುವವನು ನಾನೊಬ್ಬನೇ ಅಲ್ಲ. ನೀನು ನನ್ನ ಮೇಲಿನ ಸಿಟ್ಟಿನಲ್ಲಿ ಬರೆದದ್ದನ್ನು ಓದಿ ಅವರು ಎರಡು ದಿನ ಎಲ್ಲರಿಗೂ ಅದನ್ನೇ ಹೇಳುತ್ತ ತಿರುಗಿದರಂತೆ. ನೀನು ಅದನ್ನು ಯಾರ ಮೇಲಿನ ಸಿಟ್ಟಿನಲ್ಲಿ ಬರೆದೆ ಎಂದು ಅವರಿಗೆ ಹೇಳಬೇಡ, ಬೇಸರಪಡುತ್ತಾರೆ.

ನಿನಗೆ ಇನ್ನೂ ಒಂದು ಅನುಮಾನ ಇರಬಹುದು, ಬಂದರೆ ನನ್ನ ಕೈಕೆಳಗೆ ಕಲಿಯಬೇಕಾಗುತ್ತದೆಂದು. ಇಲ್ಲ. ಸೆಪ್ಟೆಂಬರಿನಿಂದ ಮೇಲಿನ ತರಗತಿಗಳು ನನಗಿಲ್ಲ. ಬೆಳಗಿನ ಹೊತ್ತು ಮೊದಲ ವರ್ಷದ ಮಕ್ಕಳಿಗೆ ಕಿವಿ ತರಬೇತಿ ಮಾತ್ರ. ನಾನೇ ಕೇಳಿ ಹಾಕಿಸಿಕೊಂಡದ್ದು, ಕೆಲಸದ ಹೊರೆ ಕಡಿಮೆಯಾಗಲಿ ಎಂದು. ಕಟ್ಟಡವೂ ಬೇರೆ. ನಾವು ಎದುರಾಗುವ ಸಂದರ್ಭ ಕಡಿಮೆ.

ಹಳೆಯ ವಿಷಯಕ್ಕೆ ಉತ್ತರ ಕೊಡುವುದಿಲ್ಲ. ಕಾಗದದಲ್ಲಿ ಆಗುವಂಥದ್ದಲ್ಲ ಅದು.

ಸೀಟು ನಿನ್ನದು. ಬಿಡಬೇಡ.

ವಿ. ಬುರ್ನೆಯೊ

ಎಲ್ವಿಯಾಗೆ ನಾನು ಕಡಿಮೆ ಅಂಕ ಕೊಟ್ಟ ವಿಷಯ ಹೇಳಬೇಡ. ಅವಳು ಹೇಗೆ ತಿಳಿದಿದ್ದಾಳೋ ಹಾಗೆಯೇ ತಿಳಿದಿರಲಿ.

*

ಲೋಹಾ,
ಆಗಸ್ಟ್ 26, 1991

ವಿನಿಸಿಯೊ,

ಶಾಲೆಯ ಪ್ರಮಾಣಪತ್ರಕ್ಕೆ ಹಾಕುವ ಹಾಗೆ ಮೊದಲಕ್ಷರ ಹಾಕಿ ಸಹಿ ಮಾಡಿದ್ದೀಯ. ಇರಲಿ, ಕಾಗದ ತಲುಪಿತು. ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ನಿಂತು ಓದಿದೆ. ಅತಿ ಕಡಿಮೆ ಅಂಕ ಕೊಟ್ಟವನು ನೀನು ಎಂಬಲ್ಲಿಗೆ ಬಂದಾಗ ಜೋರಾಗಿ ನಕ್ಕುಬಿಟ್ಟೆ. ಅಂಚೆ ಚೀಟಿ ಮಾರುವ ಹೆಂಗಸು, “ಏನಮ್ಮಾ, ಲಾಟರಿ ಹೊಡೀತಾ?” ಎಂದು ಕೇಳಿದಳು. “ಅದಕ್ಕಿಂತ ಜಾಸ್ತಿ. ನನ್ ಗಂಡ ನನ್ನನ್ನ ಫೇಲ್ ಮಾಡೋಕೆ ನೋಡಿದಾನೆ,” ಎಂದೆ. ಅವಳು ಶಿಲುಬೆಯ ಗುರುತು ಹಾಕಿಕೊಂಡಳು.

ನೀನು ಬೇಡವೆಂದದ್ದನ್ನೇ ಮಾಡಿದೆ. ಎಲ್ವಿಯಾಳ ಮನೆಗೆ ಹೋಗಿ, ನಿನ್ನ ತಮ್ಮ ನನಗೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟ ಎಂದು ಓದಿ ಹೇಳಿದೆ. ಅವಳ ಮುಖ ನೋಡಬೇಕಿತ್ತು.

“ಕಟ್ಕೊಂಡ ಹೆಂಡ್ತಿಗೇ? ನಮ್ಮ ವಿನಿ? ಅವನಿಗೇನ್ ಬಂತು ರೋಗ!”

“ರೋಗ ಅಲ್ಲ ಎಲ್ವಿಯಾ, ಉಸಿರು. ಹುಡುಗೀರಿಗೆ ಉಸಿರು ಬಿಟ್ಟಿಲ್ಲ ನಾನು,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿನ್ನ ಜೊತೆ ಮಾತು ಬಿಟ್ಟಿದ್ದಾಳಂತೆ, ನಿನಗೆ ಹೇಳು ಎಂದು ನನಗೆ ಹೇಳಿದ್ದಾಳೆ. ಆದರೆ ಒಂದು ಲಾಭವಾಯಿತು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹರಡಿ, ಔಷಧದಂಗಡಿಯವನು ಕರೆದು, “ಹಂಗಾದ್ರೆ ನಿಮ್ ಸ್ವಂತ ಬಲದಲ್ಲೇ ಗೆದ್ರಿ ಅನ್ನಿ!” ಎಂದ. ನಾಲ್ಕು ವರ್ಷದಲ್ಲಿ ಈ ಬೀದಿಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ನೀನು ಕೊಟ್ಟ ಕಡಿಮೆ ಅಂಕದಿಂದ ಸಿಕ್ಕಿದ್ದು.

ಆ ಮೂರನೆಯ ಚರಣವನ್ನು ಹುಡುಗಿಯರ ಕೈಯಲ್ಲಿ ಮತ್ತೆ ಹಾಡಿಸಿ ನೋಡಿದೆ. ನೀನು ಹೇಳಿದ್ದು ಸರಿ. ಪಾಪ, ನಾಲ್ಕು ತಿಂಗಳಿಂದ ಮುಖ ಕೆಂಪಗೆ ಮಾಡಿಕೊಂಡು ಹಾಡುತ್ತಿದ್ದವು, ಒಂದೂ ಬಾಯಿ ಬಿಟ್ಟಿರಲಿಲ್ಲ. ಈಗ ಒಂದು ವಿರಾಮ ಸೇರಿಸಿದ್ದೇನೆ. ಆರ್ಗನ್ ತುಣುಕಿನ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ವಿದಾಯ ಹೇಳಿ ಬಾಗಿಲಲ್ಲಿ ನಿಂತು ಮಾತಾಡುವವರು ಇರುತ್ತಾರೆ ವಿನಿಸಿಯೊ, ಅವರು ಆಡುವ ಮುಖ್ಯವಾದ ಮಾತು ಆಗಲೇ ಬರುವುದು.

ಸಿಸ್ಟರ್‌ಗಳಿಗೆ ನಿಜ ಹೇಳಿ ರಾಜೀನಾಮೆ ಕೊಟ್ಟೆ. ಹಿರಿಯ ಸಿಸ್ಟರ್ ಎಲ್ಲವನ್ನೂ ಕೇಳಿಸಿಕೊಂಡು, “ಹಾಗಾದ್ರೆ ಹಲ್ಲು?” ಎಂದರು. ಹಲ್ಲು ಚೆನ್ನಾಗಿದೆ ಎಂದೆ. ಬದಲಿಗೆ ಬರುವವಳಿಗೆ ಆರ್ಗನ್ ಪೆಡಲ್‌ನ ತಂಟೆಗಳನ್ನೆಲ್ಲ ತೋರಿಸಿಕೊಟ್ಟಿದ್ದೇನೆ. ಮನೆಯನ್ನು ಚಿಕ್ಕಮ್ಮನ ಮಗಳಿಗೆ ಬಿಟ್ಟು ಬರುತ್ತೇನೆ. ಕನ್ಸರ್ವೇಟರಿಗೆ ಒಪ್ಪಿಗೆ ತಿಳಿಸಿದ್ದಾಗಿದೆ.

ಒಟ್ಟಿನಲ್ಲಿ ನಿನ್ನ ಉತ್ತರದಿಂದ ನನಗೆ ಸಮಾಧಾನವಾಯಿತು. ನನಗೆ ವಿರುದ್ಧವಾಗಿದ್ದವನನ್ನೂ ಮೀರಿ ಸೀಟು ಸಿಕ್ಕಿದೆ ಎಂದುಕೊಂಡು ಬರುವುದು ಸುಲಭ. ನಾವು ಎದುರಾಗುವ ಸಂದರ್ಭ ಕಡಿಮೆ ಎಂದು ಬರೆದಿದ್ದೀಯ. ಹಾಗೆಯೇ ಆಗಲಿ. ಎದುರಾದರೆ ನಮಸ್ಕಾರ ಹೇಳಿ ಮುಂದೆ ಹೋಗೋಣ, ಕಾರಿಡಾರಿನಲ್ಲಿ ನಿಂತು ಹಳೆಯದನ್ನು ಕೆದಕುವುದು ಬೇಡ.

ಲಾಸ್ತೇನಿಯಾ

ಮತ್ತೆ ಸೇರಿಸಿದ್ದು: ಮೇಲೆ ಬರೆದದ್ದರಲ್ಲಿ ಸಮಾಧಾನದ ಮಾತೊಂದು ಸುಳ್ಳು. ನಿನ್ನ ಕಾಗದ ನನಗೆ ಒಂದು ಗಳಿಗೆಯೂ ಸಮಾಧಾನ ಕೊಡಲಿಲ್ಲ. ಅಂಕದ ಮಾತು ನಿಜವೆಂದು ತಕ್ಷಣ ನಂಬಿದೆ, ನೀನು ಉಸಿರಿನ ಬಗ್ಗೆ ಸುಳ್ಳು ಹೇಳುವವನಲ್ಲ. ಆದರೆ ಮೇಲಿನ ತರಗತಿಯನ್ನು ನೀನೇ ಕೇಳಿ ಬಿಟ್ಟೆ ಎಂದಿದ್ದೀಯಲ್ಲ, ಅದನ್ನು ಹೇಗೆ ನಂಬಲಿ? ಆ ತರಗತಿಗಾಗಿ ನೀನು ಎಷ್ಟು ವರ್ಷ ಯಾರು ಯಾರ ಮನೆ ಬಾಗಿಲು ಕಾದಿದ್ದೆ ಎಂದು ನೋಡಿದವಳು ನಾನು. ಅಂಚೆ ಕಚೇರಿಯಿಂದ ಸೀದಾ ಟೆಲಿಫೋನ್ ಆಫೀಸಿಗೆ ಹೋಗಿ ಮಿರೇಯಾಗೆ ಫೋನ್ ಮಾಡಿದೆ. ಅವಳು ಮೊದಲು ಕಚೇರಿಯ ವಿಷಯ ಹೇಳುವಂತಿಲ್ಲ ಎಂದಳು. ನೀನು ಇಬಾರ್ರಾಗೆ ಹೋದ ಕಥೆ ಹೇಳಿದ್ದಕ್ಕೆ ತಡೆಯಲಾಗದೆ ಬಾಯಿ ಬಿಟ್ಟಳು.

“ಎಲ್ಲಿಯ ಇಬಾರ್ರಾ ಮೇಡಂ! ನೀವು ಒಳಗೆ ಬರೋಕೆ ಸ್ವಲ್ಪ ಮುಂಚೆ ಅದೇ ಕುರ್ಚಿಯಿಂದ ಎದ್ದು ಹೋದ್ರು. ಚರ್ಚೆ ದಿನ ನಾನೇ ಮೂಲೇಲಿ ಕೂತು ಬರ್ಕೊಳ್ತಾ ಇದ್ದೆ. ‘ಇದು ಬುರ್ನೆಯೊ ನಕಲು, ಪಕ್ಕಕ್ಕಿಡಿ’ ಅಂದ್ರು ಡಾಕ್ಟರ್ ಲಾರ್ರೆಯಾ. ಎಲ್ಲಾರೂ ಹೂಂ ಅಂದ್ರು. ಇವರು ಎದ್ದು ನಿಂತ್ಕೊಂಡು, ‘ನಕಲು ಆಕೆಯದಲ್ಲ, ನನ್ನದು. ಮಂಜಿನ ದಾರಿಯ ವಯೋಲ ಬರೆದಿದ್ದು ಆಕೆ. ನಾಲ್ಕು ವರ್ಷದಿಂದ ನನ್ನದು ಅಂತ ಹೇಳ್ಕೊಂಡು ಓಡಾಡ್ತಿದೀನಿ’ ಅಂದ್ರು. ಆಮೇಲೆ ಡಾಕ್ಟರ್, ‘ನಿಮ್ ಹೆಂಡ್ತೀನಾ?’ ಅಂದ್ರು. ‘ಆಗಿದ್ರು’ ಅಂದ್ರು ಇವರು.”

ನೀನು ಹೇಳಿದ್ದು ನಿಜವೋ, ಹೆಂಡತಿಯನ್ನು ಒಳಗೆ ತರಲು ಕಟ್ಟಿದ ಕಥೆಯೋ ಎಂದು ನೋಡಲಿಕ್ಕೇ ನನ್ನನ್ನು ಬೀಗ ಹಾಕಿ ಕೂರಿಸಿದರಂತೆ. ನನ್ನ ಸಂದರ್ಶನದ ದಿನ ನಿನಗೆ ಕುರ್ಚಿ ಬಿಟ್ಟು ಏಳಲು ಹೇಳಿದರಂತೆ. ಸೀಟು ನನಗೆ ಸಿಕ್ಕ ಮೇಲೆ, ನನ್ನ ಸಾಲನ್ನು ನಿನ್ನದೆಂದು ಹೇಳಿಕೊಂಡ ತಪ್ಪಿಗೆ, ನಿನ್ನ ತರಗತಿಯನ್ನು ಬೇರೆಯವರಿಗೆ ಕೊಟ್ಟರಂತೆ. ಇದನ್ನೆಲ್ಲ ತಿಳಿದುಕೊಂಡೇ ಈ ಕಾಗದ ಬರೆಯಲು ಕೂತೆ.

ನೀನು ನನಗಾಗಿ ಮಾತು ಹಾಕಿದ್ದರೆ ಬರುವುದಿಲ್ಲ ಎಂದಿದ್ದೆ. ಆ ಮಾತಿಗೆ ಹೆದರಿ ನೀನು ಮುಚ್ಚಿಟ್ಟೆ, ಅಷ್ಟು ಅರ್ಥವಾಗುತ್ತದೆ. ಆದರೆ ನೀನು ಮಾಡಿದ್ದು ಶಿಫಾರಸಲ್ಲ ವಿನಿಸಿಯೊ, ಸಾಕ್ಷಿ. ಅದನ್ನು ನಾಲ್ಕು ಜನರ ಮುಂದೆ ಹೇಳಲು ನಿನಗೆ ಬಾಯಿ ಬಂತು, ನನಗೊಬ್ಬಳಿಗೆ ಹೇಳಲು ಬರಲಿಲ್ಲ. ಏಕೆ ಎಂದು ಇನ್ನೂ ಅನುಮಾನವಿದೆ. ನಾನು ಫೋನ್ ಮಾಡಿದರೆ ಹೇಳು ಎಂದು ಮಿರೇಯಾಗೆ ನೀನೇ ಹೇಳಿಟ್ಟಿದ್ದೆಯೋ ಎಂಬ ಅನುಮಾನವೂ ಇದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಭಾನುವಾರ ಬೆಳಿಗ್ಗೆ ತಲುಪುವ ಬಸ್ಸಿನಲ್ಲಿ ಬರುತ್ತಿದ್ದೇನೆ. ಬಸ್‌ಸ್ಟ್ಯಾಂಡಿಗೆ ಬರಬೇಡ ಎಂದು ಬರೆಯಲು ಹೊರಟೆ. ಕೈ ಬರಲಿಲ್ಲ.